ಹೊರಗಿನವಳಿಗೆ ಇಟ್ಟ ಎಡೆ

ಆ ಸಲದ ಪಕ್ಷದ ಹಬ್ಬಕ್ಕೆ ಮಗ ತುಮಕೂರಿನಿಂದ ಎರಡು ಸೀರೆ ತಂದ. ನಮ್ಮ ಮನೆಯಲ್ಲಿ ಎಡೆ ತೆಗೆದುಕೊಳ್ಳುವ ಹೆಂಗಸು ಒಬ್ಬಳೇ, ನಮ್ಮತ್ತೆ. ಅವಳಿಗೊಂದು ಸೀರೆ, ನಮ್ಮ ಮಾವನಿಗೂ ನನ್ನ ಗಂಡನಿಗೂ ಪಂಚೆ, ಟವಲು. ಬಟ್ಟೆ ಮಡಿಸಿ ಗೋಡೆಗೆ ಒರಗಿಸಿ, ಅದರ ಮುಂದೆ ಬಾಳೆಲೆ ಹಾಕಿ, ಸತ್ತವರಿಗೆ ಏನು ಇಷ್ಟವೋ ಅದನ್ನು ಬಡಿಸಿ, ಧೂಪ ಹಾಕಿ ಕರೆಯುತ್ತೇವೆ. ಬಂದು ಉಂಡು ಹೋಗಲಿ ಎಂದು ಬಾಗಿಲು ಮುಚ್ಚಿಕೊಂಡು ಎಲ್ಲರೂ ಜಗುಲಿಯಲ್ಲಿ ನಿಲ್ಲುತ್ತೇವೆ. ಆಮೇಲೆ ಆ ಎಲೆಯ ಅನ್ನವನ್ನು ಬದುಕಿದವರು ಹಂಚಿಕೊಂಡು ಉಣ್ಣಬೇಕು. ಬಟ್ಟೆಯನ್ನೂ ಮನೆಯವರೇ ಉಡಬೇಕು. ಸತ್ತವರಿಗೆ ಇಟ್ಟದ್ದು ಎಂದು ಅಸಹ್ಯ ಮಾಡುವ ಹಾಗಿಲ್ಲ.

ಇನ್ನೊಂದು ಸೀರೆ ಹೆಂಡತಿಗೆ ಇರಬೇಕು ಅಂದುಕೊಂಡೆ. ಸೊಸೆಯೂ ಹಾಗೇ ಅಂದುಕೊಂಡು ಕವರು ಬಿಚ್ಚಿ ಹೆಗಲ ಮೇಲೆ ಹಾಕಿಕೊಂಡು ನೋಡುತ್ತಿದ್ದಳು. ಮಗ ಕಿತ್ತುಕೊಂಡ ಹಾಗೆ ತೆಗೆದುಕೊಂಡ.

“ಅದು ನಿಂಗಲ್ಲ. ಎಡೆಗೆ.”

“ಯಾರ ಎಡೆಗ್ಲಾ?” ಅಂದೆ ನಾನು.

“ಹೇಳ್ತೀನಿ ತಡಿಯವ್ವ.”

ತಡಿ ಅಂದವನು ಹೇಳಲಿಲ್ಲ. ಸೊಸೆ ಮುಖ ಊದಿಸಿಕೊಂಡು ಒಳಗೆ ಹೋದಳು. ಅವಳು ಗುಬ್ಬಿಯವಳು, ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತಾಳೆ. ಅವತ್ತು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು.

ನನ್ನ ಮಗ ಸರ್ಕಾರದ ಪಡೆಯಲ್ಲಿ ಜವಾನ. ಗಡಿ ಕಾಯುವ ಮಿಲಿಟರಿ ಅಲ್ಲ, ದೇಶದ ಒಳಗೆ ಇರುವ ಉಗ್ರರ ಮೇಲೆ ಬಿಡುವ ಪಡೆ. ನಮ್ಮ ಊರು ಹೆಬ್ಬೂರಿನಿಂದ ಒಳಕ್ಕೆ, ಇಲ್ಲಿಯವರಿಗೆ ಆ ವ್ಯತ್ಯಾಸ ಬೇಡ, ಎಲ್ಲರೂ ಮಿಲಿಟರಿ ಅನ್ನುತ್ತಾರೆ. ಅವನಿದ್ದದ್ದು ಉತ್ತರದ ಕಡೆ ಒಂದು ಕಾಡುಸೀಮೆಯಲ್ಲಿ. ಆ ಜಾಗದ ಹೆಸರು ಎಲ್ಲೂ ಹೇಳಬೇಡ ಎಂದಿದ್ದಾನೆ. ಹೇಳುವುದಿಲ್ಲ. ಅಲ್ಲಿ ಬಂದೂಕಿನವರು ಕಾಡು ಹಿಡಿದು ಕೂತಿದ್ದಾರೆ. ರಸ್ತೆ ಮಾಡಿದರೆ ಅಗೆದು ಹಾಕುತ್ತಾರೆ, ಸ್ಕೂಲು ಕಟ್ಟಿದರೆ ಬೀಳಿಸುತ್ತಾರೆ, ಪೊಲೀಸರ ಜೊತೆ ಮಾತಾಡಿದವನನ್ನು ಹೆಂಡತಿ ಮಕ್ಕಳ ಎದುರಿಗೇ ಕುಯ್ಯುತ್ತಾರೆ. ಬಸ್ಸು ಓಡಾಡುವ ಮುಂಚೆ ಮಣ್ಣಿನ ರಸ್ತೆಯಲ್ಲಿ ಬಾಂಬು ಹೂತಿದೆಯೋ ಎಂದು ಕೋಲಿನಲ್ಲಿ ಚುಚ್ಚಿಕೊಂಡು ನಡೆಯುವುದು ನನ್ನ ಮಗನಂಥವರ ಕೆಲಸ. ಒಂದು ಸಲ ಇವನ ಮುಂದೆ ನಡೆಯುತ್ತಿದ್ದವನು ಕಾಲಿಟ್ಟ, ಹೋದ. ಒಂದು ಬೂಟು ಮರದ ಕೊಂಬೆಯ ಮೇಲೆ ಸಿಕ್ಕಿತಂತೆ. ಇದೆಲ್ಲ ನನಗೆ ಗೊತ್ತಿತ್ತು. ಕೆಲಸಕ್ಕೆ ಸೇರುವಾಗ ಅವನು ನನ್ನನ್ನು ಕೇಳಿರಲಿಲ್ಲ, ನಾನೂ ಬೇಡ ಅಂದಿರಲಿಲ್ಲ.

ಆ ವರ್ಷ ಯುಗಾದಿಯ ಆಸುಪಾಸಿನಲ್ಲಿ ಒಂದು ಸುದ್ದಿ ಬಂದಿತ್ತು. ಅಲ್ಲಿ ಗುಂಡಿನ ಚಕಮಕಿ ಆಯಿತು, ಒಬ್ಬಳು ದೊಡ್ಡ ಉಗ್ರಗಾಮಿ ಹೆಂಗಸು ಸತ್ತಳು, ಹೊಡೆದವರಲ್ಲಿ ನಮ್ಮ ಹುಡುಗನೂ ಇದ್ದ ಎಂದು. ಸುದ್ದಿ ಹಿಡಿದು ಬಂದವನು ನನ್ನ ಮೈದುನ. ಅವನು ಇರುವುದು ಕುಣಿಗಲ್ಲಿನಲ್ಲಿ, ಗೊಬ್ಬರದ ಅಂಗಡಿ ಇಟ್ಟಿದ್ದಾನೆ. ನಾಲ್ಕು ಜನ ಸೇರಿದ ಕಡೆ ಮುಂದೆ ನಿಲ್ಲುವ ಆಸಾಮಿ. ಹೆಬ್ಬೂರು ಬಸ್‌ಸ್ಟ್ಯಾಂಡಿನಲ್ಲಿ ಫ್ಲೆಕ್ಸ್ ಕಟ್ಟಿಸಿದ. ಮೇಲೆ ಬಂದೂಕು ಹಿಡಿದ ನನ್ನ ಮಗನ ಫೋಟೊ, ಕೆಳಗೆ ಅಷ್ಟೇ ದೊಡ್ಡದಾಗಿ ಕೈ ಮುಗಿದ ಮೈದುನನ ಫೋಟೊ. ಮಗ ಅಲ್ಲೇ ಕಾಡಿನಲ್ಲಿದ್ದುದರಿಂದ ಸನ್ಮಾನವನ್ನು ನನಗೆ ಮಾಡಿದರು. ಶಾಲು ಹೊದಿಸಿ ತಲೆಗೆ ಮೈಸೂರು ಪೇಟ ಇಟ್ಟರು. ಪೇಟ ದೊಡ್ಡದು, ಕಣ್ಣಿನ ಮೇಲೆ ಇಳಿಯಿತು. ಭಾಷಣ ಮುಗಿಯುವ ತನಕ ನನಗೆ ಜನರ ಕಾಲು ಮಾತ್ರ ಕಾಣುತ್ತಿತ್ತು.

ಆ ಹುಡುಗ ಈಗ ರಜೆಗೆ ಬಂದಿದ್ದ. ಬಂದವನು ಬೇರೆ ಥರ ಇದ್ದ. ತೋಟದ ಬದುವಿನ ಮೇಲೆ ನಡೆದರೆ ನಾನು ಕಾಲಿಟ್ಟ ಕಡೆಯೇ ಕಾಲಿಡುತ್ತಿದ್ದ. ತೆಂಗಿನ ಬುಡ ಬಿಡಿಸಿ ಗೊಬ್ಬರ ಹಾಕಿ ಮಣ್ಣು ಎಳೆದಿದ್ದೆವು, ಆ ಹೊಸ ಮಣ್ಣನ್ನು ತುಳಿಯದೆ ಸುತ್ತು ಹಾಕಿ ಹೋಗುತ್ತಿದ್ದ. “ಏನ್ಲಾ, ಮಡಿ ಐನೋರಂಗೆ ಆಡ್ತೀಯ,” ಅಂದರೆ ನಗಲಿಲ್ಲ. ಮುದ್ದೆ ಮುರಿದು ತಟ್ಟೆಯಲ್ಲೇ ಬಿಡುತ್ತಿದ್ದ. ಮೈಯಲ್ಲಿ ಮೂಳೆ ಕಾಣುತ್ತಿತ್ತು. ಸೊಸೆ ನನ್ನ ಹತ್ತಿರ ಬಂದು, “ಅತ್ತೆ, ನನ್ ಕಡೆ ತಿರುಗಿ ಮಲಗಿದ್ದೇ ಇಲ್ಲ ಬಂದಾಗ್ನಿಂದ,” ಎಂದಳು.

ಹಬ್ಬ ಹತ್ತಿರ ಬಂದಾಗ ಒಂದು ಮಧ್ಯಾಹ್ನ ನಾನು ಕೊಟ್ಟಿಗೆಯ ಮುಂದೆ ಕೊಬ್ಬರಿ ಬಿಡಿಸುತ್ತಿದ್ದೆ. ಅಟ್ಟದ ಮೇಲೆ ವರ್ಷ ಕಳೆದ ಕಾಯಿ ಒಳಗೇ ಒಣಗಿ ಗುಂಡಾಗಿರುತ್ತದೆ, ಮಚ್ಚಿನಲ್ಲಿ ಕರಟ ಒಡೆದು ಉಂಡೆ ಕೆಡದ ಹಾಗೆ ತೆಗೆಯಬೇಕು. ಮಗ ಬಂದು ಎದುರಿಗೆ ಕುಕ್ಕರಗಾಲಲ್ಲಿ ಕೂತ. ಕರಟ ಟಕ್ ಅಂದಾಗಲೆಲ್ಲ ಅವನ ರೆಪ್ಪೆ ಹೊಡೆದುಕೊಳ್ಳುತ್ತಿತ್ತು. ನಾನು ನೋಡಿದೆ, ಆದರೂ ಒಡೆಯುವುದು ನಿಲ್ಲಿಸಲಿಲ್ಲ. ನಿಲ್ಲಿಸಿದರೆ ಎದ್ದು ಹೋಗುತ್ತಾನೆ ಅನ್ನಿಸಿತು.

“ಅವ್ವ, ಆ ಸೀರೆ ನಾನು ಹೊಡೆದೋಳ್ಗೆ,” ಅಂದ.

“ಫ್ಲೆಕ್ಸಿನೋಳ್ಗಾ?”

“ಹೂಂ.”

“ಉಗ್ರಗಾಮಿಗೆ ಯಾರಾದ್ರೂ ಎಡೆ ಇಡ್ತಾರೇನ್ಲಾ?”

“ಉಗ್ರಗಾಮಿ ಅಲ್ಲ ಕಣವ್ವ ಅವಳು.”

ಆಮೇಲೆ ಹೇಳಿದ. ಬೆಳಕು ಹರಿಯುವ ಮುಂಚೆ ಇವರ ತಂಡ ಕಾಡಿನಲ್ಲಿ ಹೋಗುತ್ತಿತ್ತು. ದೂರದಲ್ಲಿ ಮರಗಳ ಕೆಳಗೆ ಬೆಂಕಿ ಕಂಡಿತು. ಒಂದಲ್ಲ, ಅಲ್ಲೊಂದು ಇಲ್ಲೊಂದು ಸಣ್ಣ ಬೆಂಕಿ, ಅದರ ಪಕ್ಕ ಬಗ್ಗಿ ಏಳುವ ನೆರಳು. ಮೊದಲು ಕಂಡದ್ದು ಇವನಿಗೆ. ತೋಪಿನಲ್ಲಿ ಅಷ್ಟು ಹೊತ್ತಿನಲ್ಲಿ ಬೆಂಕಿ ಇದ್ದರೆ ಅಲ್ಲಿ ಯಾರೋ ಬೀಡು ಬಿಟ್ಟಿದ್ದಾರೆ ಅಂತಲೇ ನಮ್ಮ ಕಡೆಯ ಲೆಕ್ಕ. ತೆಂಗಿನ ತೋಟದಲ್ಲಿ ಬೆಳೆದವನು ಮರದ ಬುಡಕ್ಕೆ ಬೆಂಕಿ ಯಾಕೆ ಹಾಕುತ್ತಾರೆ ಎಂದು ಎಲ್ಲಿ ನೋಡಿದ್ದಾನು. ಬಂದೂಕಿನವರು ಗಂಜಿ ಕಾಯಿಸುತ್ತಿದ್ದಾರೆ ಎಂದು ಕೈ ಸನ್ನೆ ಮಾಡಿದ. ತಂಡದವರೆಲ್ಲ ನೆಲಕ್ಕೆ ಬೋರಲು ಮಲಗಿದರು. ಒಂದು ನೆರಳು ಎದ್ದು ಇವರ ಕಡೆ ತಿರುಗಿತು. ಇವನು ಹೊಡೆದ.

“ಹತ್ರ ಹೋಗಿ ನೋಡಿದ್ರೆ ಬುಟ್ಟಿ ಕಣವ್ವ. ಬುಟ್ಟಿ ತುಂಬ ಬಿಳೀ ಹೂವು. ಅಲ್ಲಿಯೋರು ಮರದಿಂದ ಉದುರಿದ ಹೂವು ಆರಿಸ್ತಾರೆ. ಒಣಗಿದ ಎಲೆ ಮಧ್ಯ ಹೂವು ಕಾಣಕಿಲ್ಲ ಅಂತ ಎಲೆ ಸುಡ್ತಾರೆ. ಆ ಬೆಂಕಿ ಅದು.”

“ಇಪ್ಪೆ ಹೂವು,” ಅಂದೆ. ನಮ್ಮ ಕಡೆ ಆ ಮರ ಈಗ ಎಲ್ಲೂ ಇಲ್ಲ. ಚಿಕ್ಕಂದಿನಲ್ಲಿ ನಾವೂ ಆ ಹೂವು ತಿಂದವರೇ, ಬಾಯಿ ಸಿಹಿಯಾಗಿ ತಲೆ ತಿರುಗುತ್ತದೆ.

“ಏನೋ. ಮಿಕ್ಕೋರೆಲ್ಲ ಓಡೋದ್ರು. ಅವಳ್ಗೆ ನಿನ್ನಷ್ಟು ವಯಸ್ಸಿಲ್ಲ, ಇವಳ್ಗಿಂತ ದೊಡ್ಡೋಳು,” ಎಂದು ಒಳಗಿದ್ದ ಹೆಂಡತಿಯ ಕಡೆ ಕಣ್ಣು ಮಾಡಿದ. “ಆಮೇಲೆ ಅವಳ ಪಕ್ಕ ಬಂದೂಕು ಇಟ್ಟು ಫೋಟೊ ತೆಗೆದ್ರು. ಪೊಲೀಸ್ರು ಹುಡುಕ್ತಿದ್ದ ಯಾವಳೋ ಉಗ್ರಗಾಮಿ ಹೆಸರು ಅವಳ್ಗೆ ಹಾಕಿದ್ರು.”

ಅವಳ ಊರಿನವರು ಸುಮ್ಮನಿರಲಿಲ್ಲವಂತೆ. ಕೋರ್ಟಿಗೆ ಹೋಗಿದ್ದರು. ಕೋರ್ಟು ವಿಚಾರಣೆಗೆ ಒಬ್ಬ ಅಧಿಕಾರಿಯನ್ನು ಹಾಕಿತ್ತು. ರಜೆ ಮುಗಿಸಿ ಹೋದ ತಕ್ಷಣ ಇವನು ಆ ಅಧಿಕಾರಿಯ ಮುಂದೆ ಹೇಳಿಕೆ ಕೊಡಬೇಕು. ಮೇಲಿನವರು ಎಲ್ಲರಿಗೂ ಒಂದೇ ಮಾತು ಹೇಳಿಕೊಟ್ಟಿದ್ದರು: ಆಕೆಯೇ ಮೊದಲು ಗುಂಡು ಹಾರಿಸಿದಳು.

“ನೀನೂ ಅದನ್ನೇ ಹೇಳು,” ಅಂದೆ.

“ನಂಗೆ ಆಗಕಿಲ್ಲವ್ವ. ಕಣ್ಣು ಮುಚ್ಚಿದ್ರೆ ಬುಟ್ಟಿ ಬರ್ತದೆ.”

“ಬುಟ್ಟಿ ಬಂದ್ರೆ ಬರ್ಲಿ. ನಿನ್ನ ಏನೂ ಕಚ್ಚಲ್ಲ ಅದು. ನೀನು ಹೋಗಿ ಹಿಂಗಿಂಗೆ ಅಂದ್ರೆ ಜೈಲಿಗೆ ಹಾಕ್ತಾರೆ. ಅವಳೇನು ಎದ್ದು ಬಂದಾಳಾ?”

“ಬರಕಿಲ್ಲ.”

“ಮತ್ತೆ?”

ಅವನು ಕೆಳಗೆ ಬಿದ್ದ ಕರಟದ ಚೂರು ಜೋಡಿಸುತ್ತಿದ್ದ. ನನಗೆ ಅವಳ ಮೇಲೆ ಕನಿಕರ ಹುಟ್ಟಲಿಲ್ಲ ಅಂತಲ್ಲ. ಹೂವು ಆರಿಸುವವಳು, ನನ್ನಂಥವಳೇ. ಆದರೆ ಅವಳು ಯಾರೋ. ಇವನು ನನ್ನವನು. ಬಾಂಬು ಹೂತ ರಸ್ತೆಯಲ್ಲಿ ನಡೆದು ಬದುಕಿ ಬಂದವನನ್ನು ಕೋರ್ಟಿಗೆ ಕೊಡಲು ನಾನು ತಯಾರಿರಲಿಲ್ಲ. ಹಾಗೆಂದು ಅವನ ಮೈ ನೋಡಿದರೆ, ಹೀಗೇ ಬಿಟ್ಟರೆ ಜೈಲಿಗೆ ಹೋಗುವ ತನಕ ಉಳಿಯುವವನಂತೆಯೂ ಕಾಣಲಿಲ್ಲ. ಪಕ್ಕದ ಊರಿನಲ್ಲಿ ರಜೆಗೆ ಬಂದ ಒಬ್ಬ ಜವಾನ ಬಾವಿಗೆ ಬಿದ್ದದ್ದು ಎಲ್ಲರಿಗೂ ಗೊತ್ತಿತ್ತು.

ಮಚ್ಚು ಕೆಳಗಿಟ್ಟೆ. “ನೋಡ್ಲಾ. ನಾನು ಎಡೆ ಇಡ್ತೀನಿ. ಒಂದು ಸಲ ಇಟ್ರೆ ವರ್ಷ ವರ್ಷ ಇಡ್ಬೇಕು, ಇಡ್ತೀನಿ. ನೀನು ಅಲ್ಲಿ ಬಾಯಿ ಬಿಡಕೂಡ್ದು. ಮಾತು ಕೊಡು.”

ಅವನು ಕರಟದ ಚೂರು ಪಕ್ಕಕ್ಕೆ ಸರಿಸಿದ. “ಆಯ್ತು,” ಎಂದು ನನ್ನ ಕೈ ಮೇಲೆ ಕೈ ಇಟ್ಟ. ಅವತ್ತು ಸಾಯಂಕಾಲ ಇಡೀ ಮುದ್ದೆ ಉಂಡ. ನಾನು ಗೆದ್ದೆ ಅಂದುಕೊಂಡೆ.

ಎಡೆ ಇಡುತ್ತೇನೆ ಅಂದದ್ದು ಸಣ್ಣ ಮಾತಲ್ಲ. ಹೊರಗಿನವರಿಗೆ ಯಾರೂ ಎಡೆ ಇಡುವುದಿಲ್ಲ. ಇಟ್ಟರೆ ಆ ಜೀವವನ್ನು ಮನೆಯದು ಮಾಡಿಕೊಂಡ ಹಾಗೆ. ಅದರಲ್ಲೂ ಕೆಟ್ಟ ಸಾವು ಸತ್ತವರಿಗೆ ಮನೆಯವರೇ ಆದರೂ ಆಚೆ ಹಿತ್ತಿಲಲ್ಲಿ ಇಡುತ್ತಾರೆ, ಒಳಗೆ ಬಿಡುವುದಿಲ್ಲ. ಹಿತ್ತಿಲಲ್ಲಿ ಇಡೋಣವೇ ಅಂದರೆ ಮಗ ಒಪ್ಪಲಿಲ್ಲ. “ಆಚೆ ಮಲಗ್ಸಿ ಬಂದೀನಿ ಕಣವ್ವ ಅವಳ್ನ, ಸಾಕು,” ಅಂದ. ಸರಿ, ಒಳಗೇ ಅಂದೆ.

“ಏನು ತಿಂತಿದ್ಲು ಅವಳು?” ಎಂದು ಕೇಳಿದೆ. ಎಡೆಗೆ ಬೇಕಲ್ಲ.

“ಅಲ್ಲಿಯೋರು ಗಂಜಿ ಕುಡೀತಾರೆ, ಸೊಪ್ಪು ತಿಂತಾರೆ. ಕೆಂಪಿರುವೆ ಚಟ್ನಿ ಅಂದ್ರೆ ಪ್ರಾಣ.”

“ಇರುವೆ ಅರೀತಾ ಕೂರಕೆ ನನ್ನ ಕೈಲಾಗಲ್ಲ. ನಮ್ಮನೇಲಿ ಮಾಡಿದ್ದು ಉಣ್ಲಿ.”

ಸೊಸೆಗೆ ಏನೂ ಹೇಳಬಾರದು ಎಂದು ನಾವಿಬ್ಬರೂ ಅಂದುಕೊಂಡೆವು. ಅವಳಿಗೆ ಹೇಳಿದರೆ ಗುಬ್ಬಿಗೆ ಹೋಗುತ್ತದೆ, ಗುಬ್ಬಿಯಿಂದ ಎಲ್ಲಿಗೆ ಹೋಗುತ್ತದೋ. ಅವಳು ಎರಡು ಸಲ ನನ್ನನ್ನು ಅಡುಗೆಮನೆಯಲ್ಲಿ ಹಿಡಿದು, “ಯಾರತ್ತೆ ಅವಳು?” ಅಂದಳು. “ಯಾರೋ ದೂರದೋಳು,” ಅಂದೆ. ಅದು ಸುಳ್ಳೂ ಅಲ್ಲ. ಆದರೆ ಹೆಂಡತಿಯಾದವಳು ಆ ಮಾತನ್ನು ಹೇಗೆ ಹಿಡಿದುಕೊಳ್ಳುತ್ತಾಳೆ ಎಂಬುದು ನನ್ನ ತಲೆಗೆ ಹೋಗಲಿಲ್ಲ.

ಅಮಾವಾಸ್ಯೆಯ ದಿನ ಮೈದುನ, ಅವನ ಹೆಂಡತಿ ಕುಣಿಗಲ್ಲಿನಿಂದ ಬಂದರು. ಮೊದಲಿಂದಲೂ ನಮ್ಮ ಎರಡು ಮನೆಗೂ ಒಂದೇ ಎಡೆ. ಕಜ್ಜಾಯ, ವಡೆ, ಕೋಳಿ ಸಾರು, ಅನ್ನ, ಮುದ್ದೆ ಎಲ್ಲ ಆಯಿತು. ನನ್ನ ಗಂಡನ ಎಲೆಯ ಪಕ್ಕ ಬೀಡಿ ಕಟ್ಟು, ಒಂದು ಕ್ವಾರ್ಟರ್ ಬ್ರಾಂದಿ. ಬದುಕಿದ್ದಾಗ ಕೊಟ್ಟದ್ದಕ್ಕಿಂತ ಹೆಚ್ಚು ಮರ್ಯಾದೆಯಿಂದ ಈಗ ಕೊಡುತ್ತೇನೆ. ನಾಲ್ಕನೆಯ ಎಲೆಯನ್ನು ಮೂಲೆಗೆ ಒತ್ತಿ ಹಾಕಿದೆ, ಕಾಣದಿರಲಿ ಎಂದು. ಸೀರೆ ಇಟ್ಟೆ. ಧೂಪ ಹಾಕಿ ಅತ್ತೆ ಮಾವನನ್ನೂ ಗಂಡನನ್ನೂ ಕರೆದೆ. ಅವಳನ್ನು ಏನೆಂದು ಕರೆಯಲಿ. “ನೀನೂ ಬಾರವ್ವ,” ಎಂದು ತುಟಿಯಲ್ಲೇ ಅಂದೆ. ಎಲ್ಲರೂ ಆಚೆ ಬಂದೆವು, ಬಾಗಿಲು ಮುಚ್ಚಿದೆ.

ಜಗುಲಿಯಲ್ಲಿ ನಿಂತಾಗ ಮಾತಾಡಬಾರದು. ಆದರೆ ಓರಗಿತ್ತಿಗೆ ಕಣ್ಣು ಚುರುಕು.

“ಅಕ್ಕ, ನಾಕು ಎಲೆ ಐತಲ್ಲ ಒಳಗೆ?”

“ಮರ್ತೋದೋರು ಯಾರಾದ್ರೂ ಇದ್ರೆ ಉಣ್ಲಿ ಅಂತ ಒಂದು ಜಾಸ್ತಿ ಇಟ್ಟೆ.”

“ಮರ್ತೋದೋರ್ಗೆ ಹೊಸ ಸೀರೆ ಯಾಕತ್ಗೆ?” ಅಂದ ಮೈದುನ.

ನಾನು ಏನೋ ಹೇಳುವಷ್ಟರಲ್ಲಿ ಸೊಸೆ ಬಾಯಿ ತೆಗೆದಳು. ಅಷ್ಟು ದಿನ ಪಾತ್ರೆಯ ಮೇಲೆ ತೀರಿಸಿಕೊಂಡದ್ದು ಒಟ್ಟಿಗೆ ಬಂತು.

“ಅವರನ್ನೇನು ಕೇಳ್ತೀರಾ ಚಿಕ್ಕಮಾವ, ನನ್ನ ಕೇಳಿ. ಇವರು ಅಲ್ಲಿ ಯಾವಳ್ನೋ ಇಟ್ಕೊಂಡಿದ್ರು. ಅವಳು ಸತ್ತೋಗವ್ಳೆ. ತಾಯಿ ಮಗ ಸೇರ್ಕೊಂಡು ಅವಳ್ಗೆ ಎಡೆ ಇಟ್ಟವ್ರೆ. ನಾಳೆ ಆ ಸೀರೆ ನಾನು ಉಟ್ಕೊಂಡು ತಿರುಗ್ಬೇಕು.”

ಮೈದುನ ಕೆಳಗೆ ನೋಡಿಕೊಂಡು ನಕ್ಕ. “ಗಂಡಸು, ದೂರದ ಊರು. ಏನೋ ಒಂದು ಆಗಿರ್ತದೆ ಬುಡವ್ವ. ಸತ್ತೋದ್ಲಲ್ಲ, ಇನ್ನೇನು.”

“ನಿಮ್ಮನೆ ಮಗಳಿಗೆ ಹಿಂಗಾಗಿದ್ರೆ ಬುಡು ಅಂತಿದ್ರಾ?”

“ಇಟ್ಕೊಂಡಿರ್ಲಿಲ್ಲ,” ಎಂದ ಮಗ. ಅವನು ಜಗುಲಿಯ ಕಂಬ ಹಿಡಿದುಕೊಂಡಿದ್ದ. “ಕೊಂದೆ. ಫ್ಲೆಕ್ಸ್ ಕಟ್ಸಿದ್ರಲ್ಲ ಚಿಕ್ಕಪ್ಪ, ಅವಳೇ.”

ನಾನು ಅವನ ತೋಳು ಹಿಡಿದು ಎಳೆದೆ. ಅವನು ಕದಲಲಿಲ್ಲ.

ಮೈದುನ ಅವನ ಕಡೆ ತಿರುಗಿದ. “ಉಗ್ರಗಾಮಿಗೆ ಎಡೆ ಇಟ್ಟಿದ್ದೀಯೇನ್ಲಾ? ನಮ್ಮಪ್ಪನ ಪಕ್ಕದಲ್ಲಿ?”

“ಉಗ್ರಗಾಮಿ ಅಲ್ಲ ಚಿಕ್ಕಪ್ಪ. ಹೂವು ಆರಿಸ್ತಿದ್ಲು. ಬಂದೂಕು ಆಮೇಲೆ ಇಟ್ಟಿದ್ದು ನಾವೇ.”

“ಇದನ್ನ ಇನ್ಯಾರ ಮುಂದೂ ಅನ್ಬೇಡ.”

“ನಿಮ್ಮುಂದೆ ಅಂದ್ನಲ್ಲ.”

ಒಳಗಿನಿಂದ ಧೂಪದ ಹೊಗೆ ಬಾಗಿಲ ಸಂದಿಯಲ್ಲಿ ಬರುತ್ತಿತ್ತು. ಚಪ್ಪಾಳೆ ತಟ್ಟಿ ಬಾಗಿಲು ತೆಗೆಯುವುದು ಮನೆಯ ಹಿರಿಯ ಗಂಡಸಿನ ಕೆಲಸ, ಅಂದರೆ ಮೈದುನನದು. ಅವನು ತಟ್ಟಲಿಲ್ಲ. ಚಪ್ಪಲಿ ಹಾಕಿಕೊಂಡ. “ಬಾರೇ,” ಎಂದು ಹೆಂಡತಿಯನ್ನು ಕರೆದ. ಎಡೆಯ ಊಟ ಬಿಟ್ಟು ಹೋದವರು ನಮ್ಮ ವಂಶದಲ್ಲಿ ಹಿಂದೆ ಯಾರೂ ಇರಲಿಲ್ಲ. ಓರಗಿತ್ತಿ ಗೇಟಿನ ಹತ್ತಿರ ತಿರುಗಿ, “ಅಕ್ಕ, ನೀನಾದ್ರೂ ಬುದ್ಧಿ ಇಟ್ಕೋಬೇಕಿತ್ತು,” ಎಂದು ಹೋದಳು. ಕಾರು ಹೋದ ಮೇಲೆ ನಾನೇ ಚಪ್ಪಾಳೆ ತಟ್ಟಿ ಬಾಗಿಲು ತೆಗೆದೆ.

ಮೂರು ಜನ ನಾಲ್ಕು ಎಲೆಯ ಮುಂದೆ ಕೂತೆವು. ಆ ಮೂಲೆಯ ಎಲೆಯನ್ನು ನಾನು ಎಳೆದುಕೊಳ್ಳಬೇಕು ಅನ್ನುವಷ್ಟರಲ್ಲಿ ಸೊಸೆ ಎಳೆದುಕೊಂಡಳು. “ಇಟ್ಕೊಂಡಿದ್ದೋಳಲ್ಲ ತಾನೆ,” ಅಂದಳು, ಉಂಡಳು. ಹಸಿದವಳ ಹಾಗೆ ಉಂಡಳು. ಸವತಿಯಲ್ಲ ಎಂಬುದು ಒಂದೇ ಅವಳ ತಲೆಯಲ್ಲಿತ್ತು. ಇನ್ನೊಂದು ಮಾತು ಒಳಗೆ ಇಳಿಯಲು ಬೆಳಗಾಗಬೇಕಾಯಿತು. ಬೆಳಗ್ಗೆ ಕಾಫಿ ಕೊಡಲು ಹೋದವಳು ಗಂಡನ ಕೈ ನೋಡುತ್ತಾ ನಿಂತಳು. ಲೋಟವನ್ನು ಅವನ ಕೈಗೆ ಕೊಡದೆ ಕಿಟಕಿಯ ಮೇಲಿಟ್ಟಳು. ಹತ್ತು ಗಂಟೆಯ ಬಸ್ಸಿಗೆ ತುಮಕೂರಿಗೆ ಹೋಗಿ ಅಲ್ಲಿಂದ ಗುಬ್ಬಿಗೆ ಹೋದಳು. ನಾನು ತಡೆಯಲಿಲ್ಲ. ಬಟ್ಟೆ ಚೀಲ ಬಸ್ಸಿಗೆ ಹತ್ತಿಸಿದವಳು ನಾನೇ.

ಮೈದುನ ದಿನಾ ಫೋನು ಮಾಡಿದ. ಮಗ ತೆಗೆಯದಿದ್ದರೆ ನನಗೆ. “ಅತ್ಗೆ, ಅವನ ಬಾಯಿ ಕಟ್ಟು. ಅವನು ಹಿಂಗೆ ಅಂದ ಅಂತ ಗೊತ್ತಾದ್ರೆ ನಾನು ಕುಣಿಗಲ್ಲಲ್ಲಿ ಅಂಗಡಿ ಬಾಗ್ಲು ತೆಗೆಯಕಾಗಲ್ಲ.” ನಾನೂ ಅದನ್ನೇ ಅನ್ನುತ್ತಿದ್ದೇನೆ, ನೀನು ನನಗೆ ಹೇಳಿಕೊಡಬೇಡ ಅಂದೆ. ಅಂಗಡಿ ಅವನ ಚಿಂತೆ, ಮಗ ನನ್ನ ಚಿಂತೆ, ಬೇಡಿದ್ದು ಮಾತ್ರ ಇಬ್ಬರೂ ಒಂದೇ.

ಮಗನನ್ನು ಬಿಡಲು ತುಮಕೂರು ಸ್ಟೇಷನ್ನಿಗೆ ಹೋದೆ. ಹಿಂದೆ ಯಾವತ್ತೂ ಹೋದವಳಲ್ಲ. ಹೆಬ್ಬೂರು ದಾಟುವಾಗ ಬಸ್ಸಿನಲ್ಲಿ ಮತ್ತೆ ಹೇಳಿದೆ, ಪ್ಲಾಟ್‌ಫಾರಮ್ಮಿನಲ್ಲಿ ಮತ್ತೆ ಹೇಳಿದೆ.

“ನೀನು ಮಾತು ಕೊಟ್ಟಿದ್ದೀಯ.”

“ಕೊಟ್ಟಿದ್ದೆ.”

“ನಾನು ಎಡೆ ಇಟ್ಟೆ. ನಿಮ್ಮ ಚಿಕ್ಕಪ್ಪ ಬಿಟ್ಟೋದ. ನಿನ್ ಹೆಂಡ್ತಿ ಹೋದ್ಲು. ಇಷ್ಟೆಲ್ಲ ಯಾಕೆ ಮಾಡ್ದೆ ನಾನು?”

“ಜಗಲಿ ಮೇಲೆ ಹೇಳ್ಬುಟ್ಟೆನಲ್ಲವ್ವ. ಒಂದ್ಸಲ ಹೇಳಿದ್ದು ಮತ್ತೆ ಒಳಕ್ಕೆ ಹೋಗ್ತಾ ಇಲ್ಲ.”

“ಅದು ಮನೆ. ಅಲ್ಲಿ ಕೋರ್ಟು.”

“ನಂಗೆ ಚಿಕ್ಕಪ್ಪನ ಮುಂದೇನೇ ಕಷ್ಟ ಆಗಿದ್ದು,” ಅಂದ. ರೈಲು ಬಂತು. ಕೂತು ಕಿಟಕಿಯಿಂದ ನನ್ನ ಕೈಗೆ ಒಂದು ಬಿಸ್ಕತ್ತು ಪೊಟ್ಟಣ ಕೊಟ್ಟ. ನಾನು ಅವನ ಕಾಲು ಹಿಡಿಯುವುದೊಂದು ಬಾಕಿ. ಸ್ಟೇಷನ್ನಿನಲ್ಲಿ ಅದೂ ಆಗಲಿಲ್ಲ, ಅವನು ಮೇಲೆ ಕೂತಿದ್ದ.

ಅವನು ಹೇಳಿದ. ಎಲ್ಲವನ್ನೂ ಹೇಳಿದನಂತೆ, ಬೆಂಕಿ, ಕೈ ಸನ್ನೆ, ಬುಟ್ಟಿ, ಆಮೇಲೆ ಇಟ್ಟ ಬಂದೂಕು, ಇಟ್ಟವರ ಹೆಸರು. ಫೋನಿನಲ್ಲಿ ನನಗೆ ತಿಳಿಸಿದಾಗ ಸಂತೆಗೆ ಹೋಗಿ ಬಂದೆ ಅಂದ ಹಾಗೆ ಅಂದ. ನಾನು ಫೋನು ಇಟ್ಟುಬಿಟ್ಟೆ.

ಹೇಳಿದ ಮೇಲೆ ಒಳ್ಳೆಯದು ಏನೂ ಆಗಲಿಲ್ಲ. ಬಂದೂಕು ತೆಗೆದುಕೊಂಡು ಅವನನ್ನು ಕೆಲಸದಿಂದ ನಿಲ್ಲಿಸಿದರು. ಬೇರೆ ಕ್ಯಾಂಪಿನಲ್ಲಿ ಇಟ್ಟಿದ್ದಾರೆ, ಕೇಸು ನಡೆಯುತ್ತಿದೆ, ರಜೆ ಇಲ್ಲ. ಜೊತೆಯವರು ಇವನ ಜೊತೆ ಉಣ್ಣುವುದಿಲ್ಲ. ಅದಕ್ಕಿಂತ ಕೆಟ್ಟದ್ದು ಇನ್ನೊಂದಾಯಿತು. ಕಾಡಿನ ಬಂದೂಕಿನವರು ಇವನ ಮಾತನ್ನೇ ಕರಪತ್ರ ಮಾಡಿ ಮರಗಳಿಗೆ ಅಂಟಿಸಿದರಂತೆ, ನೋಡಿ ಅವರವರೇ ಒಪ್ಪಿಕೊಂಡಿದ್ದಾರೆ ಎಂದು. ಅದಾಗಿ ಸ್ವಲ್ಪ ದಿನಕ್ಕೆ ಇವನ ಹಳೆಯ ತಂಡ ಹೋಗುತ್ತಿದ್ದ ಗಾಡಿಯ ಕೆಳಗೆ ಬಾಂಬು ಸಿಡಿಯಿತು. ಇವನ ಜೊತೆ ಒಂದೇ ಬಟ್ಟಲಲ್ಲಿ ಉಂಡವರು ಸತ್ತರು. ಬಂದೂಕು ಇಟ್ಟು ಫೋಟೊ ತೆಗೆದವನೂ ಅದರಲ್ಲಿದ್ದ. ಇವನು ಬಾಯಿ ಬಿಡದಿದ್ದರೆ ಅವರು ಬದುಕಿರುತ್ತಿದ್ದರು ಎಂದು ಉಳಿದವರು ಅನ್ನುತ್ತಾರೆ. ಇವನಿಗೆ ಅದೂ ಕೇಳಿಸುತ್ತದೆ. ಬಾಂಬು ಹೂಳುವವರು ಅದಕ್ಕೂ ಮುಂಚೆಯೂ ಹೂಳುತ್ತಿದ್ದರು ಎಂದು ನಾನು ಅಂದೆ.

ಆ ಸತ್ತ ಹುಡುಗರಿಗೂ ತಾಯಂದಿರಿದ್ದಾರೆ. ಅವರ ಮನೆಯಲ್ಲೂ ಈಗ ಎಡೆ ಇಡುತ್ತಾರೆ. ಅವರಿಗೆ ನನ್ನ ಮಗನ ಹೆಸರು ಗೊತ್ತಿರಬಹುದು. ಗೊತ್ತಿದ್ದರೆ ಏನು ಶಾಪ ಹಾಕುತ್ತಾರೋ ನನಗೆ ತಿಳಿದಿದೆ, ಅವರ ಜಾಗದಲ್ಲಿ ಇದ್ದರೆ ನಾನೂ ಅದನ್ನೇ ಹಾಕುತ್ತಿದ್ದೆ. ಹಾಗಾಗಿ ಮಗ ಸರಿ ಮಾಡಿದ ಎಂದು ನಾನು ಹೇಳುವುದಿಲ್ಲ. ನಮ್ಮ ಊರಿನ ಮೇಷ್ಟರೊಬ್ಬರು ಬಂದು, “ನಿಮ್ಮ ಮಗ ದೊಡ್ಡ ಕೆಲಸ ಮಾಡಿದಾನಮ್ಮ,” ಎಂದರು. “ನಿಮ್ಮ ಮಗನ ಕೈಲಿ ಮಾಡ್ಸಿ ಸ್ವಾಮಿ,” ಅಂದೆ. ಕಾಫಿ ಕುಡಿದು ಹೋದರು.

ಒಂದು ಮಾತ್ರ ಇದೆ. ಅವನು ಉಣ್ಣುತ್ತಿದ್ದಾನಂತೆ. ನಿದ್ದೆ ಬರುತ್ತದಂತೆ. ನನಗೆ ಬರುವುದಿಲ್ಲ.

ಮಾರನೆಯ ವರ್ಷದ ಪಕ್ಷಕ್ಕೆ ಸೊಸೆ ಗುಬ್ಬಿಯಿಂದ ಬಂದಳು. ನಾನು ಕರೆದಿರಲಿಲ್ಲ. ಮೈದುನನ ಮನೆಯವರು ಕುಣಿಗಲ್ಲಿನಲ್ಲೇ ಬೇರೆ ಎಡೆ ಇಟ್ಟುಕೊಂಡರು, ನಮ್ಮತ್ತೆ ಮಾವ ಈಗ ಎರಡು ಕಡೆ ಉಣ್ಣಬೇಕು. ಸೊಸೆ ಬಂದವಳೇ ಸೆರಗು ಸಿಕ್ಕಿಸಿಕೊಂಡು ಅಕ್ಕಿ ಆರಿಸಲು ಕೂತಳು.

“ಅತ್ತೆ, ಈ ಸಲಾನೂ ಅವಳ್ಗೆ ಇಡ್ತೀರಾ?”

“ಇಡ್ತೀನಿ.”

“ಅವರು ಹೇಳ್ಬುಟ್ರಲ್ಲ. ನಿಮಗೆ ಕೊಟ್ಟ ಮಾತು ಉಳಿಸ್ಕೊಳ್ಲಿಲ್ಲ. ಇನ್ನು ಯಾಕೆ ಇಡ್ಬೇಕು?”

“ಅವನು ತಪ್ಪಿದ್ದು ನಂಗೆ. ನಾನು ಎಡೆ ಇಡ್ತೀನಿ ಅಂದಿದ್ದು ಅವಳಿಗೆ. ಕರ್ದೋಳ್ನ ಬರಬೇಡ ಹೋಗು ಅನ್ನಕಾಗ್ತದಾ?”

ಅವಳು ಕಲ್ಲು ಆರಿಸಿ ಎಸೆದಳು. “ನಿಮ್ಮ ಕಾಲ ಆದ್ಮೇಲೆ ನಾನು ಇಡಲ್ಲ. ಈಗ್ಲೇ ಹೇಳ್ತಾ ಇದೀನಿ.”

“ಇಡ್ಬೇಡ.”

“ನಂಗೆ ಹೆದರಿಕೆ ಆಗ್ತದೆ ಅತ್ತೆ.”

“ನಂಗೂ ಆಗ್ತದೆ. ಅವಳು ಉಣ್ಣಕೆ ಬರ್ತಾಳೋ, ಅವನ ಪ್ರಾಣ ಕೇಳಕೆ ಬರ್ತಾಳೋ, ಯಾರಿಗೆ ಗೊತ್ತು. ಬಡ್ಸಿ ಇಡಾದು ನಮ್ಮ ಕೆಲಸ. ವಡೆಗೆ ನೆನೆ ಹಾಕು.”

ಅವಳು ಎದ್ದು ಬೇಳೆ ಅಳೆದಳು. ಎಷ್ಟು ಎಲೆಗೆ ಎಂದು ಕೇಳಲಿಲ್ಲ.